ಎಂಜಿನಿಗೆ ನೈಟ್ರಸ್: ಮೊದಲು ಪೆಟ್ರೋಲಿನ ದಾರಿ
(ವಾಚನಾಲಯದಲ್ಲಿ ಮಾಡಿದ ಭಾಷಣ)



ನಾನು ಗಿರಣಿಯ ಗುಮಾಸ್ತ, ಎಂಜಿನಿಯರನಲ್ಲ. ಆದರೆ ಪುಣೆಯ ಗ್ಯಾರೇಜುಗಳಲ್ಲಿ ದುಡಿಯುವ ನಮ್ಮ ಹುಡುಗರು ಲೋಣಾವಳಾದ ಆಚೆ ಆಂಬಿ ವ್ಯಾಲಿಯ ವಿಮಾನಪಟ್ಟಿಯಲ್ಲಿ ನಡೆದ ಕಾರುಪಂದ್ಯಗಳನ್ನು ಕಂಡುಬಂದು, "ನೈಟ್ರಸ್ ಕೊಟ್ಟರೆ ಎಂಜಿನು ಹಾರುತ್ತದೆ" ಎನ್ನುತ್ತಾರೆ. ಅದಕ್ಕೇ ಈ ನಾಲ್ಕು ಮಾತು.

ನೈಟ್ರಸ್ ಆಕ್ಸೈಡು ತಾನು ಉರಿಯುವ ಅನಿಲವಲ್ಲ, ಉರಿಸುವ ಅನಿಲ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 23 ಪಾಲು, ಇದರಲ್ಲಿ 36. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಕೆಲವು ವಿಮಾನಗಳಲ್ಲಿ ಇದನ್ನು ಬಳಸಿದ್ದರು. ಆದರೆ ಸುಮಾರು ಒಂಬತ್ತೂವರೆ ತೂಕ ನೈಟ್ರಸಿಗೆ ಕನಿಷ್ಠ ಒಂದು ತೂಕ ಪೆಟ್ರೋಲು ಅದೇ ಕ್ಷಣದಲ್ಲಿ ಬರಬೇಕು. ಕುಲುಮೆಯಲ್ಲಿ ಇದ್ದಲು ಕಡಿಮೆಯಾಗಿ ತಿದಿಯ ಗಾಳಿ ಹೆಚ್ಚಾದರೆ ಕಬ್ಬಿಣವೇ ಸುಡುವುದನ್ನು ನಮ್ಮ ಕಮ್ಮಾರರು ಬಲ್ಲರು.

ನನ್ನ ಪರಿಚಯದ ಹುಡುಗನೊಬ್ಬ ಸಣ್ಣ ಕೊಳವೆಯಿಂದಲೇ ಕವಲು ತೆಗೆದ. ಕಾರು ನಿಂತಿದ್ದಾಗ ಪೆಟ್ರೋಲಿನ ಒತ್ತಡ ಸರಿಯಿತ್ತು, ಓಡುವಾಗ ಕುಸಿಯಿತು. ಪಿಸ್ಟನ್ನು ಕರಗಿ ತೂತಾಯಿತು. ಆರು ತಿಂಗಳ ಸಂಬಳ ಅದಕ್ಕೇ ಹೋಯಿತು.

ಆದ್ದರಿಂದ ನೈಟ್ರಸಿನ ಪಾಲನ್ನೂ ಪೂರೈಸಬಲ್ಲ ಪಂಪು, ಸಾಕಷ್ಟು ಅಗಲದ ಕೊಳವೆ, ಶುದ್ಧವಾದ ಫಿಲ್ಟರು ಇರಲಿ. ಒತ್ತಡವನ್ನು ಪೆಟ್ರೋಲು ಹರಿಯುತ್ತಿರುವಾಗಲೇ ಅಳೆಯಿರಿ. ಅದು ಇಳಿದೊಡನೆ ನೈಟ್ರಸನ್ನು ತಾನಾಗಿ ನಿಲ್ಲಿಸುವ ಸ್ವಿಚ್ಚು ಹಾಕಿ. ಇದೆಲ್ಲ ಪಂದ್ಯದ ಕಣಕ್ಕೆ ಮಾತ್ರ. ಜನ ಓಡಾಡುವ ರಸ್ತೆಗಲ್ಲ.

ವರಮಾನ ನೋಡಿ ಖರ್ಚು ಮಾಡುವ ನಮ್ಮಂಥವರಿಗೆ ಈ ಲೆಕ್ಕ ಹೊಸದಲ್ಲ.