ಮೂರು ಎಕರೆಗೆ ಎಷ್ಟು ಎಚ್‌ಪಿ?

(ಸಂಘದ ರಜತ ಮಹೋತ್ಸವದ ರೈತಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಈ ಗೋಷ್ಠಿಯಲ್ಲಿ ನನಗೆ ಕೊಟ್ಟಿರುವ ವಿಷಯ "ಸಣ್ಣ ಹಿಡುವಳಿಗೆ ಮೊದಲ ಟ್ರ್ಯಾಕ್ಟರ್". ನಾನು ಎಂಜಿನಿಯರ್ ಅಲ್ಲ, ಎಸ್‌ಎಸ್‌ಎಲ್‌ಸಿ ಮುಗಿಸಿ ನೇಗಿಲು ಹಿಡಿದವನು. ಆದರೆ ನಿರ್ದೇಶಕ ಮಂಡಳಿಯ ಮುಂದೆ ಬರುವ ಸಾಲದ ಅರ್ಜಿಗಳನ್ನು ಓದುವ ಕೆಲಸ ನನ್ನ ಪಾಲಿಗೂ ಬಂದಿದೆ. ಇತ್ತೀಚಿನ ಅರ್ಜಿಗಳಲ್ಲಿ ಟ್ರ್ಯಾಕ್ಟರ್ ಕೇಳುವವರು ಜಾಸ್ತಿ. ಅದರಲ್ಲೂ ಎರಡು ಎಕರೆ, ಮೂರು ಎಕರೆಯವರು. ಅವರಿಗೆ ಹೇಳಬೇಕಾದ್ದು ಒಂದಿಷ್ಟಿದೆ ಎಂದು ಒಪ್ಪಿಕೊಂಡೆ.

ಅವರು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕೆಂಗೇರಿ, ತಾವರೆಕೆರೆ ಹೋಬಳಿಗಳಲ್ಲಿ ಈಗ ಯುಗಾದಿಗೆ ಹೊನ್ನಾರು ಹೂಡಬೇಕಾದರೂ ಜೋಡಿ ಎತ್ತು ಹುಡುಕಿಕೊಂಡು ಹೋಗಬೇಕು. ನಮ್ಮ ಹುಡುಗರು ರಾಜಾಜಿನಗರ, ಪೀಣ್ಯದ ಕಾರ್ಖಾನೆಗಳಿಗೆ ಹೋಗುವುದನ್ನು ಕಲಿತು ಎಷ್ಟೋ ಕಾಲವಾಯಿತು; ಎತ್ತಿಗೆ ಹುಲ್ಲು ಹಾಕುವವರು ಮನೆಯಲ್ಲಿಲ್ಲ. ಜಮೀನೂ ಸಣ್ಣದಾಯಿತು. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ನಾಡಪ್ರಭು ಕೆಂಪೇಗೌಡ ಬಡಾವಣೆಗೆ 2008ರಲ್ಲಿ ಪ್ರಾಥಮಿಕ ಅಧಿಸೂಚನೆ, 2010ರಲ್ಲಿ ಅಂತಿಮ ಅಧಿಸೂಚನೆ ಬಂತು. ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆಯ ಮಾತು ಅದು. ಮಿಕ್ಕಿದ್ದರಲ್ಲಿ ಅಣ್ಣತಮ್ಮಂದಿರ ಪಾಲು. ಹೀಗಾಗಿ ಉಳುವವನ ಕೈಯಲ್ಲಿ ಉಳಿದಿರುವುದು ಎಕರೆ ಲೆಕ್ಕಕ್ಕಿಂತ ಗುಂಟೆ ಲೆಕ್ಕ. ಆ ಗುಂಟೆಯನ್ನು ಅಡವಿಟ್ಟು ಯಂತ್ರ ತರುತ್ತೇವೆ ಅನ್ನುವಾಗ ಸ್ವಲ್ಪ ನಿಂತು ಯೋಚಿಸಬೇಕು.

ಮೊದಲು ಈ ಎಚ್‌ಪಿ ವಿಚಾರ. ಎಚ್‌ಪಿ ಅಂದರೆ ಕುದುರೆ ಬಲ. ಇಂಗ್ಲೆಂಡಿನಲ್ಲಿ ಜೇಮ್ಸ್ ವಾಟ್ ಎಂಬಾತ ಹದಿನೆಂಟನೇ ಶತಮಾನದಲ್ಲಿ ತನ್ನ ಹಬೆಯಂತ್ರ ಎಷ್ಟು ಕುದುರೆಯ ಕೆಲಸ ಮಾಡುತ್ತದೆ ಎಂದು ಗಿರಾಕಿಗಳಿಗೆ ತೋರಿಸಲು ಹಾಕಿದ ಲೆಕ್ಕ. ನಮ್ಮ ಜೋಡಿ ಎತ್ತಿನ ಶಕ್ತಿ ಹೆಚ್ಚೂಕಡಿಮೆ ಒಂದು ಎಚ್‌ಪಿ. ಒಂದು ಎಚ್‌ಪಿಯಲ್ಲಿ ನಮ್ಮಪ್ಪ ಮೂರು ಎಕರೆ ಬೇಸಾಯ ಮಾಡಿ ಮನೆ ನಡೆಸಿದರು. ಈಗ ಅದೇ ಮೂರು ಎಕರೆಗೆ ನಲವತ್ತೈದು ಎಚ್‌ಪಿ ಬೇಕು ಅಂತ ಅರ್ಜಿ ಬರೆಯುತ್ತಾರೆ. ಕೇಳಿದರೆ, "ಟ್ರೈಲರ್ ಕಟ್ಟಿ ಮಣ್ಣು, ಇಟ್ಟಿಗೆ ಹೊಡೆದು ಕಂತು ಕಟ್ಟುತ್ತೇನೆ" ಅನ್ನುತ್ತಾರೆ. ನಮ್ಮ ಕಡೆಯ ಒಬ್ಬರು ಹಾಗೇ ಮಾಡಿದರು. ಟಿಪ್ಪರ್ ಲಾರಿಗಳು ಬಂದ ಮೇಲೆ ಟ್ರೈಲರ್ ಕರೆಯುವವರು ಕಡಿಮೆಯಾದರು, ಕಂತು ನಿಂತಿತು, ಫೈನಾನ್ಸಿನವರು ಗಾಡಿ ಎಳೆದುಕೊಂಡು ಹೋದರು. ಮಿಕ್ಕ ಬಾಕಿಗೆ ರಸ್ತೆ ಪಕ್ಕದ ಹದಿನೈದು ಗುಂಟೆ ಹೋಯಿತು. ಹೆಸರು ಬೇಡ, ಇಲ್ಲಿ ಕೂತಿರುವ ಬಹಳ ಜನಕ್ಕೆ ಗೊತ್ತು.

ಆದ್ದರಿಂದ ಶೋರೂಮಿಗೆ ಹೋಗುವ ಮುಂಚೆ ಮನೆಯಲ್ಲಿ ಒಂದು ಹಾಳೆ ತಗೊಂಡು ಕೂರಿ. ವರ್ಷದಲ್ಲಿ ಯಾವ ಕೆಲಸಕ್ಕೆ ಎಷ್ಟು ಗಂಟೆ ಯಂತ್ರ ಬೇಕು ಅಂತ ಬರೆಯಿರಿ. ರಾಗಿ ಹೊಲದ ಉಳುಮೆ, ಬಿತ್ತನೆ, ಹಿಪ್ಪುನೇರಳೆ ಸಾಲಿನ ಕಳೆ, ತಿಪ್ಪೆಯಿಂದ ಹೊಲಕ್ಕೆ ಗೊಬ್ಬರ, ಸೀಮೆಹುಲ್ಲು ಸಾಗಿಸುವುದು. ಒಂದು ಲೆಕ್ಕ ಹೇಳುತ್ತೇನೆ. ಮೂರು ಎಕರೆಯವನು ದೊಡ್ಡ ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆದರೆ ವರ್ಷಕ್ಕೆ ಇಪ್ಪತ್ತೈದು ಗಂಟೆ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಗಂಟೆಗೆ ಸಾವಿರ ರೂಪಾಯಿ ಅಂದರೂ 25,000 ರೂಪಾಯಿ. ಅದೇ ನಾಲ್ಕು ಲಕ್ಷ ಸಾಲ, ಶೇ 10 ಬಡ್ಡಿ, ಐದು ವರ್ಷದ ಅವಧಿ ಆದರೆ ತಿಂಗಳಿಗೆ ಸುಮಾರು 8,500, ವರ್ಷಕ್ಕೆ ಒಂದು ಲಕ್ಷದ ಮೇಲೆ. ಇದರ ಮೇಲೆ ಡೀಸೆಲ್, ವಿಮೆ, ಸರ್ವೀಸ್. ಸಹಕಾರ ಸಂಸ್ಥೆಗಳಲ್ಲಿ ಶೇ 3 ಬಡ್ಡಿಯ ಮಧ್ಯಮಾವಧಿ, ದೀರ್ಘಾವಧಿ ಸಾಲದ ಮಿತಿಯನ್ನು 2023ರ ಜುಲೈ ಬಜೆಟ್‌ನಲ್ಲಿ ಹತ್ತು ಲಕ್ಷದಿಂದ ಹದಿನೈದು ಲಕ್ಷಕ್ಕೆ ಏರಿಸಿದರು, ನಿಜ. ಆದರೆ ಬಡ್ಡಿ ಕಮ್ಮಿ ಆದರೂ ಅಸಲು ಕಟ್ಟಲೇಬೇಕಲ್ಲ? ಐದು ವರ್ಷಕ್ಕೆ ಹಂಚಿದರೆ ಅಸಲೇ ವರ್ಷಕ್ಕೆ 80,000.

ಹಾಗಾದರೆ ಯಾರೂ ತಗೋಬಾರದಾ ಅಂತ ಕೇಳಬಹುದು. ಹಾಗಲ್ಲ. ಬಾಡಿಗೆಯಲ್ಲಿ ದುಡ್ಡು ಉಳಿಯುತ್ತದೆ, ಹದ ಉಳಿಯುವುದಿಲ್ಲ. ಮಳೆ ಬಿದ್ದು ಕೆಂಪು ಮಣ್ಣು ಹದಕ್ಕೆ ಬಂದಾಗ ಸಿಗುವುದು ಎರಡು ಮೂರು ದಿನ. ಆ ದಿನ ಊರಿನವರೆಲ್ಲ ಒಂದೇ ಟ್ರ್ಯಾಕ್ಟರಿಗೆ ಫೋನ್ ಮಾಡುತ್ತಾರೆ. ಅವನು ಮೊದಲು ಹೋಗುವುದು ಹತ್ತು ಎಕರೆಯವರ ಹೊಲಕ್ಕೆ. ನಮ್ಮ ಇಪ್ಪತ್ತು ಗುಂಟೆಯ ಸರದಿ ಬರುವ ಹೊತ್ತಿಗೆ ನೆಲ ಒಣಗಿರುತ್ತದೆ, ಇಲ್ಲವೇ ಇನ್ನೊಂದು ಮಳೆ ಬಿದ್ದು ಕೆಸರಾಗಿರುತ್ತದೆ. ಸರ್ಕಾರ 2014-15ರಲ್ಲಿ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ಶುರು ಮಾಡಿದ್ದು ಒಳ್ಳೆಯ ಕೆಲಸವೇ, ಆದರೆ ಹದದ ದಿನ ಅಲ್ಲೂ ಸಾಲು ನಿಲ್ಲಬೇಕು. ಹಸು ಇರುವವರಿಗೆ, ದಿನಾ ಹುಲ್ಲು ಗೊಬ್ಬರ ಸಾಗಿಸುವವರಿಗೆ, ಪಕ್ಕದ ನಾಲ್ಕು ಮನೆಯ ಉಳುಮೆ ಒಪ್ಪಿಕೊಳ್ಳುವವರಿಗೆ ಸ್ವಂತ ಸಣ್ಣ ಟ್ರ್ಯಾಕ್ಟರ್ ಖಂಡಿತ ಬೇಕು.

ಕುದುರೆ ಬಲ ಅಂದೆನಲ್ಲ, ನಿಜವಾದ ಕುದುರೆ ಸಾಕಿರುವವರೂ ನಮ್ಮ ಕಡೆ ಇದ್ದಾರೆ. ಪೇಟೆಯಿಂದ ಬಂದು ಎರಡು ಎಕರೆಯಲ್ಲಿ ನಾಲ್ಕು ಕುದುರೆ ಇಟ್ಟುಕೊಂಡಿರುವ ಒಬ್ಬರು ಯಾವ ಟ್ರ್ಯಾಕ್ಟರ್ ತಗೊಳ್ಳಲಿ ಅಂತ ನನ್ನನ್ನು ಕೇಳಿದರು. ಉಳುಮೆಯೇ ಇಲ್ಲದವರಿಗೆ ಟ್ರ್ಯಾಕ್ಟರ್ ಯಾಕೆ ಅಂತ ನನಗೆ ನಗು ಬಂತು. ವಿಚಾರಿಸಿದರೆ ಒಂದು ಕುದುರೆಯ ಲದ್ದಿಯೇ ದಿನಕ್ಕೆ ಇಪ್ಪತ್ತು ಕೆಜಿ ಆಸುಪಾಸು. ಅದನ್ನು ಸಾಗಿಸಬೇಕು, ಹುಲ್ಲು ಕೊಯ್ಯಬೇಕು, ಕುದುರೆ ಓಡಿಸುವ ಮರಳಿನ ಅಂಗಳಕ್ಕೆ ಹಲುಬೆ ಎಳೆದು ಸಮ ಮಾಡಬೇಕು. ಇದಕ್ಕೆಲ್ಲ ಬಲಕ್ಕಿಂತ ಹಗುರವಾದ ಗಾಡಿ, ಸಣ್ಣ ತಿರುವು, ಕಮ್ಮಿ ಸದ್ದು ಮುಖ್ಯ. ಅವರ ಪಟ್ಟಿ ನೋಡಿದರೆ ಹೆಸರು ಬದಲಾಯಿಸಿದ ನಮ್ಮ ಕೊಟ್ಟಿಗೆ ಪಟ್ಟಿಯೇ.

ಇನ್ನು ಗಾಡಿಯ ವಿಚಾರ. ಒಂದೇ ಕಂಪನಿ ಹೊಗಳಲು ನಾನು ಬಂದಿಲ್ಲ. ಮಹೀಂದ್ರ ಯುವರಾಜ್ 215, ಸ್ವರಾಜ್ 717 ಇವು ಹದಿನೈದು ಎಚ್‌ಪಿಯವು, ಒಂದೇ ಸಿಲಿಂಡರ್. ರಿಪೇರಿ ಸುಲಭ, ಅದುರುವುದು ಸ್ವಲ್ಪ ಜಾಸ್ತಿ. ಬೆಂಗಳೂರಿನ ವಿಎಸ್‌ಟಿ ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಆರಂಭವಾದದ್ದು. ಅವರ ಪವರ್ ಟಿಲ್ಲರ್ ನಮ್ಮವರಿಗೆಲ್ಲ ಗೊತ್ತು. ಅವರ ಮಿತ್ಸುಬಿಷಿ ಶಕ್ತಿ 180ಡಿ ಮೂರು ಸಿಲಿಂಡರಿನದು, ಸದ್ದು ನಯ. ಕುಬೋಟಾ ನಿಯೋಸ್ಟಾರ್ ಬಿ2441, ಮಹೀಂದ್ರ ಜಿವೊ 245 ಇವು 24 ಎಚ್‌ಪಿ, ನಾಲ್ಕೂ ಚಕ್ರಕ್ಕೆ ಎಳೆತ ಇರುವಂಥವು. ಕೆರೆ ಬಯಲಲ್ಲಿ ಗದ್ದೆ ಇರುವವರಿಗೆ ನಾಲ್ಕು ಚಕ್ರದ ಎಳೆತ ಬೇಕೇ ಬೇಕು, ಹಗುರ ಗಾಡಿ ಹೂತರೆ ಎಳೆಯಲು ಎತ್ತೂ ಇಲ್ಲ. ಬರೀ ಮೇಲ್ಹೊಲ ಇರುವವರು ಅದಕ್ಕೆ ಹೆಚ್ಚಿಗೆ ದುಡ್ಡು ಸುರಿಯಬೇಡಿ.

ಎಂಜಿನ್ ಎಚ್‌ಪಿ ಒಂದನ್ನೇ ನೋಡಬೇಡಿ. ರೋಟವೇಟರ್ ತಿರುಗಿಸುವುದು ಪಿಟಿಒ. ಅಲ್ಲಿಗೆ ಬರುವ ಬಲ ಎಂಜಿನ್ ಬಲಕ್ಕಿಂತ ಯಾವಾಗಲೂ ಕಮ್ಮಿ. ಹದಿನೈದು ಎಚ್‌ಪಿಗೆ ಐದಡಿ ರೋಟವೇಟರ್ ಕಟ್ಟಿ ಹೊಗೆ ಉಗುಳಿಸುವವರನ್ನು ಕಂಡಿದ್ದೇನೆ. ಮೂರಡಿಯದು ಸಾಕು. ಎಕರೆಗೆ ಎರಡು ಗಂಟೆಯ ಮೇಲೆ ಹಿಡಿಯುತ್ತದೆ, ಹಿಡಿಯಲಿ.

ಟೇಪು ಹಿಡಿದು ಮೂರು ಅಳತೆ ತಗೊಳ್ಳಿ. ಹೊಲಕ್ಕೆ ಹೋಗುವ ಓಣಿ ಎಷ್ಟು ಅಗಲ, ಬೆಳೆಯ ಸಾಲು ಎಷ್ಟು ಅಗಲ, ಬದುವಿನ ಹತ್ತಿರ ತಿರುಗಿಸಲು ಎಷ್ಟು ಜಾಗ. ಈ ಸಣ್ಣ ಗಾಡಿಗಳು ಮೂರೂವರೆ ನಾಲ್ಕು ಅಡಿ ಅಗಲ ಇರುತ್ತವೆ. ಒಂಬತ್ತು ಅಡಿ ಅಂತರದ ಅಡಿಕೆಯಲ್ಲಿ ಆರಾಮವಾಗಿ ಓಡುತ್ತವೆ. ಹಿಪ್ಪುನೇರಳೆಯನ್ನು ಐದಡಿ ಮೂರಡಿಯ ಜೋಡಿ ಸಾಲಿನಲ್ಲಿ ಹಾಕಿದ್ದರೆ ಐದಡಿ ಸಂದಿಯಲ್ಲಿ ಹೋಗುತ್ತವೆ. ಮೂರಡಿಗೆ ಮೂರಡಿ ಗುಣಿ ಹಾಕಿದ ಹಳೇ ತೋಟವಾದರೆ ಯಾವ ಟ್ರ್ಯಾಕ್ಟರೂ ನುಗ್ಗುವುದಿಲ್ಲ, ಕಳೆ ಯಂತ್ರವೇ ಗತಿ. ಡೀಲರು ರಸ್ತೆ ಮೇಲೆ ಓಡಿಸಿ ತೋರಿಸಿದರೆ ಒಪ್ಪಬೇಡಿ. "ನಮ್ಮ ಹೊಲದಲ್ಲಿ ಒಂದು ಗಂಟೆ ರೋಟವೇಟರ್ ಹೊಡೆದು ತೋರಿಸಪ್ಪ" ಅನ್ನಿ. ಟ್ಯಾಂಕ್ ತುಂಬಿಸಿ ಶುರು ಮಾಡಿ, ಮುಗಿದ ಮೇಲೆ ಎಷ್ಟು ಡೀಸೆಲ್ ಹಿಡಿಯಿತು ಅಂತ ಅಳೆಯಿರಿ. ಎಲ್ಲ ಕಂಪನಿಯದನ್ನೂ ಒಂದೇ ಕಡೆ ನೋಡಬೇಕು ಅನ್ನುವವರು ನವೆಂಬರಿನಲ್ಲಿ ಜಿಕೆವಿಕೆ ಕೃಷಿ ಮೇಳಕ್ಕೆ ಹೋಗಿ ಬನ್ನಿ.

ಹಳೇ ಗಾಡಿ ತಗೊಳ್ಳುವವರು ಆರ್‌ಸಿ ನೋಡಿ. ಅದರಲ್ಲಿ ಎಚ್‌ಪಿಎ ಅಂತ ಇದ್ದರೆ ಅದು ಕುದುರೆ ಬಲ ಅಲ್ಲ, ಸಾಲ ಇದೆ ಅನ್ನುವ ಗುರುತು. ಸಾಲ ತೀರಿದ ಪತ್ರ, ಫಾರಂ 35 ಕೈಗೆ ಬರುವ ತನಕ ಮುಂಗಡಕ್ಕಿಂತ ಹೆಚ್ಚು ಕೊಡಬೇಡಿ. ಹೊಸದಕ್ಕೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ. ಸಹಾಯಧನ ಪ್ರತಿ ವರ್ಷ ಒಂದೇ ತರಹ ಇರುವುದಿಲ್ಲ. ಎಫ್‌ಐಡಿ ನಂಬರ್ ತಗೊಂಡು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಮಂಜೂರಾದ ಮೇಲೆ ಗಾಡಿ ತನ್ನಿ. ಮೊದಲೇ ತಂದು ಆಮೇಲೆ ಅರ್ಜಿ ಹಿಡಿದು ಓಡಾಡಬೇಡಿ.

ತಾಯಂದಿರಿಗೆ ಒಂದು ಮಾತು. ಪಿಟಿಒ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಸೆರಗೋ ಪಂಚೆಯೋ ಟವಲ್ಲೋ ಸಿಕ್ಕಿದರೆ ಕೂಗುವಷ್ಟರಲ್ಲಿ ಮುಗಿದಿರುತ್ತದೆ. ಅದರ ಮೇಲಿನ ಕವಚ ತೆಗೆದು ಓಡಿಸಲು ಮನೆಯ ಗಂಡಸರನ್ನು ಬಿಡಬೇಡಿ. ಮಕ್ಕಳನ್ನು ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು ಹೋಗುವುದನ್ನೂ ಬಿಡಿಸಿ. ಸಣ್ಣ ಗಾಡಿ ಅಂತ ಸದರ ಬೇಡ, ಬದು ಹತ್ತಿಸುವಾಗ ಅದೂ ಮಗುಚುತ್ತದೆ.

ಕೊನೆಯದಾಗಿ, ಮೂರು ನಾಲ್ಕು ಮನೆಯವರು ಸೇರಿ ಒಂದು ತಗೊಳ್ಳುವುದು ನನಗೆ ಎಲ್ಲಕ್ಕಿಂತ ಸರಿ ಅನ್ನಿಸುತ್ತದೆ. ಹನ್ನೆರಡು ಎಕರೆ ಒಂದು ಗಾಡಿಗೆ ಸಿಕ್ಕರೆ ಕಂತು ಹಗುರವಾಗುತ್ತದೆ. ಜಗಳ ಬರುವುದು ಹದದ ದಿನವೇ. ಅದಕ್ಕೆ ಯಾರ ಹೊಲ ಮೊದಲು ಅಂತ ಮಳೆಗೆ ಮುಂಚೆ ಚೀಟಿ ಎತ್ತಿ ಬರೆದಿಡಿ, ಮುಂದಿನ ಮಳೆಗೆ ಸರದಿ ತಿರುಗಿಸಿ. ಗಂಟೆ ಮೀಟರ್ ನೋಡಿ ಪುಸ್ತಕದಲ್ಲಿ ಬರೆದು ಸಹಿ ಹಾಕಿ.

ಟ್ರ್ಯಾಕ್ಟರ್ ಸಾಲದ ಅರ್ಜಿ ಜೊತೆ ಈ ಗಂಟೆ ಲೆಕ್ಕದ ಹಾಳೆಯನ್ನೂ ಲಗತ್ತಿಸಬೇಕು ಎಂದು ಮಂಡಳಿಯಲ್ಲಿ ಸಲಹೆ ಇಟ್ಟಿದ್ದೇನೆ. ಹಾಳೆ ಕಾರ್ಯದರ್ಶಿಗಳ ಹತ್ತಿರ ಇದೆ. ತುಂಬಲು ಕಷ್ಟ ಆಗುವವರು ಬೆಳಗ್ಗೆ ಡೈರಿಗೆ ಹಾಲು ಹಾಕಲು ಬಂದಾಗ ನನ್ನನ್ನು ಹಿಡಿಯಿರಿ, ಕೂತು ಬರೆಯೋಣ.