ವಾರಕ್ಕೊಂದು ಬೆಳಗು
(ಬಡಾವಣೆಯ ಸಭೆಯೊಂದರಲ್ಲಿ ಮಾಡಿದ ಭಾಷಣ)



ವಕೀಲಿ ವೃತ್ತಿಯವರಾದ ನಾವು ಅನ್ಯರ ತಪ್ಪನ್ನು ಎತ್ತಿ ತೋರುವುದರಲ್ಲಿ ಪಳಗಿದವರು. ಇಂದು ನಮ್ಮ ತಪ್ಪನ್ನೇ ಮೊದಲು ಒಪ್ಪಿಕೊಳ್ಳುವೆವು. ಕಳೆದ ಮಳೆಗಾಲದಲ್ಲಿ ನಮ್ಮ ಮಗಳು ಡೆಂಗೀ ಜ್ವರದಿಂದ ಹಾಸಿಗೆ ಹಿಡಿದಳು. ನಾವು ಬೀದಿಯ ಚರಂಡಿಯನ್ನು ಶಪಿಸಿದೆವು. ಆದರೆ ಸೊಳ್ಳೆಯ ಮರಿಗಳು ಕಂಡುಬಂದುದು ಚರಂಡಿಯಲ್ಲಲ್ಲ. ನಮ್ಮ ಹಿತ್ತಲಿನ ಮುಚ್ಚಳವಿಲ್ಲದ ತೊಟ್ಟಿಯಲ್ಲಿ!

ಡೆಂಗೀ ಹರಡುವ ಈಡಿಸ್ ಸೊಳ್ಳೆಗೆ ಕೊಳಚೆ ಬೇಕಿಲ್ಲ. ತೊಟ್ಟಿ, ಹೂಕುಂಡದ ತಟ್ಟೆ, ಬಿಸುಟ ಟೈರು, ತೆಂಗಿನ ಚಿಪ್ಪು, ಇವುಗಳಲ್ಲಿ ನಿಂತ ತಿಳಿನೀರೇ ಅದರ ತೊಟ್ಟಿಲು. ಅದು ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ. ಹುಟ್ಟಿದ ತಾಣದಿಂದ ಸಾಮಾನ್ಯವಾಗಿ ಕೆಲವು ನೂರು ಗಜ ಮೀರಿ ಹಾರದು. ಎಂದಮೇಲೆ ನಮ್ಮನ್ನು ಕಚ್ಚುವ ಸೊಳ್ಳೆ ಪರವೂರಿನದಲ್ಲ. ನಮ್ಮ ಮನೆಯದು, ಇಲ್ಲವೆ ನೆರೆಮನೆಯದು.

ಮಲೇರಿಯಾದ ರೋಗಾಣುವನ್ನು ರೊನಾಲ್ಡ್ ರಾಸರು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಕಂಡುದು 1897ರಲ್ಲಿ. ಅಂದಿನಿಂದ ನಮಗೆ ಅರಿವಿನ ಕೊರತೆಯಿಲ್ಲ, ಕೊರತೆ ಒಗ್ಗಟ್ಟಿನದು. 2024ರಲ್ಲಿ ಕರ್ಣಾಟಕ ಸರಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಹುಟ್ಟಲು ಎಡೆಗೊಡುವ ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200 ರೂಪಾಯಿ ದಂಡ ವಿಧಿಸಿತು. ಕಾಯಿದೆ ಒಳ್ಳೆಯದೇ. ಆದರೆ ಹಿತ್ತಿಲು ಹಿತ್ತಿಲಿಗೂ ಕಾವಲುಗಾರನನ್ನಿಡಲು ಯಾವ ಸರಕಾರಕ್ಕೂ ಶಕ್ಯವಿಲ್ಲ.

ಮೊಟ್ಟೆಯು ರೆಕ್ಕೆಯ ಸೊಳ್ಳೆಯಾಗಲು ಸುಮಾರು ಎಂಟು ಹತ್ತು ದಿನ ಬೇಕು. ಆದುದರಿಂದ ವಾರಕ್ಕೊಂದು ಬೆಳಗು ನಿಂತ ನೀರನ್ನೆಲ್ಲ ಚೆಲ್ಲಿದರೆ ಆ ಸಂತತಿಯೇ ಕಡಿಯುತ್ತದೆ. ಚೆಲ್ಲಿದರಷ್ಟೇ ಸಾಲದು, ಪಾತ್ರೆಯ ಒಳಮೈಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುವುದರಿಂದ ತಿಕ್ಕಿ ತೊಳೆಯಬೇಕು. ಬರಿದು ಮಾಡಲಾಗದ ಬಾವಿಗೆ ಗಪ್ಪಿ ಮೀನು ಬಿಡಬಹುದು.

ನಲ್ಲಿಯ ನೀರು ದಿನವೂ ಬಾರದ ಬಡವರು ಕೊಡ, ಡ್ರಮ್ಮುಗಳಲ್ಲಿ ನೀರು ಕೂಡಿಡದೆ ಬದುಕುವುದೆಂತು? ಅವರನ್ನು ಗದರುವ ಬದಲು, ಬಾಯಿಗೆ ಬಿಗಿದು ಕಟ್ಟಲು ಒಂದೊಂದು ದಟ್ಟಬಟ್ಟೆಯನ್ನು ನಾವು ಕೊಡೋಣ.

ಬಂಧುಗಳೇ, ಹತ್ತು ಮನೆಗಳ ಶ್ರಮವನ್ನು ಒಂದು ಮನೆಯ ಆಲಸ್ಯವು ನೀರುಪಾಲು ಮಾಡುವುದು. ಆದಕಾರಣ ಪ್ರತಿ ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಇಡೀ ಬೀದಿಯೇ ಕೂಡಿ ಈ ಕೆಲಸ ಮಾಡಲೆಂದು ಪ್ರಾರ್ಥಿಸುವೆವು. ಮೊದಲ ತಪಾಸಣೆ ನಮ್ಮ ಹಿತ್ತಲಿನಿಂದಲೇ ಆಗಲಿ. ಬಾಗಿಲು ತೆರೆದಿರುವುದು, ದಯಮಾಡಿಸಿರಿ.