ಗೋಡೆಯೊಳಗಿನ ಸಂಸಾರ

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಭಾಷಣ ಮಾಡಿ ಅಭ್ಯಾಸವಿಲ್ಲ. ಆದರೂ ಈ ಶುಭದಿನ ನಮ್ಮದೊಂದು ತಪ್ಪು ಒಪ್ಪಿಕೊಂಡು ಎರಡು ಮಾತು ಹೇಳೋಣವೆಂದು ನಿಂತಿದ್ದೇವೆ.

ಹೋದ ವರ್ಷ ನಮ್ಮ ಹಳೇ ಮಣ್ಣಿನ ಮನೆಗೆ ಸಿಮೆಂಟು ಗಾರೆ ಮಾಡಿಸಿದೆವು. ಹಿತ್ತಲ ಗೋಡೆಯ ಬಿರುಕಿನಲ್ಲಿ ಮೇಣದ ಒಂದು ಸಣ್ಣ ಕೊಳವೆ ಇತ್ತು. ಅದರೊಳಗೆ ಸೊಳ್ಳೆಯಷ್ಟು ಸಣ್ಣ ಕರೀ ಹುಳ ಹೋಗಿಬಂದು ಮಾಡುತ್ತಿದ್ದವು. ಗಾರೆಯವನು ಕೇಳಿದ. "ಮುಚ್ಚಪ್ಪಾ, ಏನಾಯ್ತೀಗ" ಎಂದುಬಿಟ್ಟೆವು. ಸಂಜೆ ಹೊಲದಿಂದ ಹಿಂದಿರುಗಿದ ಹುಳಗಳು ಹಸಿ ಗಾರೆಯ ಮುಂದೆ ಸುತ್ತುತ್ತಲೇ ಇದ್ದವು. ಮೂರು ದಿನ ಸುತ್ತಿದವು, ಆಮೇಲೆ ಇಲ್ಲ. ನಮ್ಮ ತಾಯಿ ನೋಡಿ, "ಅದು ಜೇನು ಕಣಪ್ಪಾ, ಒಂದು ಸಂಸಾರಾನೇ ಮುಚ್ಚಿಬಿಟ್ಯಲ್ಲೋ" ಎಂದರು.

ಆಮೇಲೆ ತಿಳಿದವರನ್ನು ಕೇಳಿದೆವು. ಕರಾವಳಿ, ಮಲೆನಾಡಿನಲ್ಲಿ ಇದನ್ನು ಮುಜಂಟಿ, ಮಿಸ್ರಿ ಜೇನು ಎನ್ನುತ್ತಾರೆ. ಉದ್ದ 3-4 ಮಿಲಿಮೀಟರು. ಚುಚ್ಚುವ ಶಕ್ತಿ ಕೊಂಡಿಗಿಲ್ಲ. ಕೆಣಕಿದರೆ ಕೂದಲಿಗೆ ಸಿಕ್ಕಿಕೊಂಡು ಕಚ್ಚುತ್ತದೆ, ಅಷ್ಟೆ. ಹೆಜ್ಜೇನಿನಂತೆ ಕೊಂಬೆಗೆ ಗೂಡು ತೂಗುಹಾಕುವುದಿಲ್ಲ. ಮರದ ಪೊಟರೆ, ಕಲ್ಲಿನ ಸಂದು, ಗೋಡೆಯ ಬಿರುಕೇ ಮನೆ. ತನ್ನ ಮೇಣಕ್ಕೆ ಮರದ ಅಂಟು ಕಲಸಿ ಒಳಗೆ ಪುಟ್ಟ ಕುಡಿಕೆಗಳನ್ನು ಮಾಡುತ್ತದೆ. ತುಪ್ಪಕ್ಕೆ, ಪರಾಗಕ್ಕೆ, ಮರಿಗೆ ಬೇರೆ ಬೇರೆ ಜಾಗ. ಬಾಗಿಲಿಗೆ ಹಸಿ ಅಂಟು ಸವರುತ್ತದೆ, ಇರುವೆ ಒಳಗೆ ನುಗ್ಗಬಾರದಲ್ಲ!

ಇದರಿಂದ ನಮಗೇನು ಲಾಭ ಎನ್ನಬಹುದು. ತುಪ್ಪ ಲೆಕ್ಕಕ್ಕಿಲ್ಲ, ಒಂದು ಗೂಡಿಗೆ ವರ್ಷಕ್ಕೆ ಒಂದು ಕಿಲೋ ಸಿಗುವುದೂ ಕಷ್ಟ. ಲಾಭ ಇರುವುದು ಹೊಲದಲ್ಲಿ. ರಾಗಿಗೆ ಜೇನು ಬೇಕಿಲ್ಲ. ಆದರೆ ಸೌತೆ, ಕುಂಬಳ, ಹಾಗಲಕ್ಕೆ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಪರಾಗ ಹೊರುವವರಿಲ್ಲದೆ ಕಾಯಿ ಕಚ್ಚದು. ಮಾವಿನ ಹೂವಿಗೂ ಇದು ಬರುತ್ತದೆ. ನಮ್ಮೂರಿಂದ ಕೆ.ಜಿ.ಎಫ್. ಗಣಿಗೆ ಹೋಗುತ್ತಿದ್ದವರು 2001ರಲ್ಲಿ ಗಣಿ ಮುಚ್ಚಿದ ಮೇಲೆ ತರಕಾರಿಯನ್ನೇ ನಂಬಿದ್ದಾರೆ. ಅಂಥವರ ಕೂಲಿ ಕೇಳದ ಆಳು ಈ ಹುಳ.

ಅದು ದೂರ ಹಾರದು. ಸಾಮಾನ್ಯವಾಗಿ 500 ಮೀಟರ್ ಒಳಗೇ ಅದರ ಮೇವು. ಆದ್ದರಿಂದ ಊರ ಗೋಡೆಯಲ್ಲಿ ಗೂಡು ಹೋದರೆ ಊರ ಪಕ್ಕದ ಹೊಲಕ್ಕೇ ನಷ್ಟ. ನಾವು ಹೊಡೆಯುವ ಔಷಧಿಯೂ ಅದಕ್ಕೇ ತಾಗುತ್ತದೆ. ಪಕ್ಕದ ಹೊಲದ ಔಷಧಿ ಹಿಪ್ಪುನೇರಳೆ ಸೊಪ್ಪಿಗೆ ಬಿದ್ದರೆ ರೇಷ್ಮೆಹುಳ ಸಾಯುವುದು ನಮಗೆಲ್ಲ ಗೊತ್ತು. ಇದೂ ಹಾಗೇ. ಹೂ ಬಿಟ್ಟಾಗ ಆದಷ್ಟು ಔಷಧಿ ಬೇಡ. ಹೊಡೆಯಲೇಬೇಕಾದರೆ ಹುಳ ಗೂಡು ಸೇರಿದ ಮೇಲೆ, ಸಂಜೆ ಹೊಡೆಯಿರಿ.

ಕೊನೆಯದಾಗಿ ಒಂದು ಮನವಿ. ನಮ್ಮ ಸಂಘದ ಹಳೇ ಗೋದಾಮಿನ ಕಲ್ಲುಗೋಡೆಯಲ್ಲಿ ಇಂಥ ಎರಡು ಕೊಳವೆ ನೋಡಿದ್ದೇವೆ. ಮುಂದಿನ ತಿಂಗಳು ರಿಪೇರಿ ಇದೆ. ಆ ಎರಡು ಸಂದು ಬಿಟ್ಟು ಗಾರೆ ಮಾಡಿಸಬೇಕೆಂದು ಆಡಳಿತ ಮಂಡಳಿಯನ್ನು ಕೇಳಿಕೊಳ್ಳುತ್ತೇವೆ. ಗೋಡೆ ಅಷ್ಟು ಅಂದವಾಗಿ ಕಾಣದಿದ್ದರೂ ಚಿಂತೆಯಿಲ್ಲ. ನಮ್ಮ ಮನೆಯಲ್ಲಿ ಆದ ತಪ್ಪು ಸಂಘದಲ್ಲಿ ಆಗಬಾರದು.

 ಜೈ ಸಹಕಾರ.